ರಷ್ಯದ ಉಸ್ತಾದ, ನನ್ನ ರಬ್ಬರ್ ಸ್ಟ್ಯಾಂಪು

ಸಿಡ್ನಿಯಲ್ಲಿ ಏಳು ವರ್ಷ ನಾನು ಮಾಡಿದ ಕೆಲಸ ಬೆಳಿಗ್ಗೆ ಬೀಗ ತೆಗೆಯುವುದು, ಸಂಜೆ ಬೀಗ ಹಾಕುವುದು. ಇಷ್ಟು ಸಣ್ಣ ವಾಕ್ಯ ಬರೆಯುವುದಕ್ಕೆ ನನಗೆ ಅರ್ಧ ಆಯುಷ್ಯ ಬೇಕಾಯಿತು ಅಂದರೆ ನನ್ನ ಜಂಭ ಎಂಥದ್ದಿರಬೇಕು, ನೀವೇ ಯೋಚಿಸಿ. ಬ್ಲ್ಯಾಕ್‌ಟೌನಿನಿಂದ ಎರಡು ಸ್ಟೇಷನ್ ಆಚೆ ಒಂದು ಕಮ್ಯುನಿಟಿ ಹಾಲ್. ಬೆಳಿಗ್ಗೆ ವಯಸ್ಸಾದವರ ತಂಬೋಲ, ಮಧ್ಯಾಹ್ನ ಬ್ಯಾಲೆ ಕ್ಲಾಸು, ಆಮೇಲೆ ಬ್ಯಾಡ್ಮಿಂಟನ್, ವಾರಕ್ಕೆ ಮೂರು ಸಂಜೆ ಕುಸ್ತಿ. ಬಾಗಿಲ ಪಕ್ಕದಲ್ಲಿ ಗಾಜಿನ ಕಿಟಕಿ. ಅದರ ಹಿಂದೆ ಒಂದು ಮೇಜು, ಒಂದು ಫೋನು, ಬುಕಿಂಗ್ ಪುಸ್ತಕ, ಒಂದು ರಬ್ಬರ್ ಸ್ಟ್ಯಾಂಪು. ಇವುಗಳ ಜೊತೆಗೆ ಟೈ ಕಟ್ಟಿಕೊಂಡು ನಾನು.

ಟೈ ಯಾರೂ ಕಟ್ಟು ಅಂದಿರಲಿಲ್ಲ. ಮೈಸೂರಿನಲ್ಲಿ ಸಿವಿಲ್ ಎಂಜಿನಿಯರಾಗಿದ್ದವನು ನಾನು. ಎಂಬತ್ತರ ದಶಕದ ಕೊನೆಯಲ್ಲಿ ಪಿಆರ್, ಅಂದರೆ ಕಾಯಂ ಆಗಿ ನೆಲೆಸುವ ಪರವಾನಗಿ, ಸಿಕ್ಕಿತು ಅಂತ ಹಾರಿಕೊಂಡು ಬಂದೆ. ಬಂದ ಸ್ವಲ್ಪ ದಿನಕ್ಕೇ ರಿಸೆಷನ್ನು. ಹೋದ ಕಡೆಯೆಲ್ಲ "ಲೋಕಲ್ ಎಕ್ಸ್‌ಪೀರಿಯೆನ್ಸ್ ಇದೆಯಾ?" ಎಂಬ ಒಂದೇ ಪ್ರಶ್ನೆ. ಕೆಲಸ ಕೊಡದೆ ಎಕ್ಸ್‌ಪೀರಿಯೆನ್ಸ್ ಎಲ್ಲಿಂದ ತರಲಿ, ನಿಮ್ಮಜ್ಜಿ ಮನೆಯಿಂದಲಾ ಅಂತ ಕೇಳಬೇಕು ಅನ್ನಿಸುತ್ತಿತ್ತು, ಕೇಳುತ್ತಿರಲಿಲ್ಲ. ಕೊನೆಗೆ ಸಿಕ್ಕಿದ್ದು ಈ ಹಾಲ್. ಊರಿಗೆ ಬರೆದ ಕಾಗದದಲ್ಲಿ "ಸರ್ಕಾರಿ ಕಟ್ಟಡವೊಂದರ ಉಸ್ತುವಾರಿ" ಎಂದು ಬರೆದೆ. ಅಕ್ಷರ ಅಕ್ಷರವೂ ನಿಜ! ಭಾನುವಾರ ಕನ್ನಡದವರ ಮನೆಯ ಊಟಗಳಲ್ಲಿ, ಡಾಕ್ಟರುಗಳು ಪ್ರೊಫೆಸರುಗಳು ಬಿಸಿಬೇಳೆಬಾತ್ ತಟ್ಟೆ ಹಿಡಿದು "ನೀವ್ ಯಾವ್ ಫೀಲ್ಡಲ್ಲಿದೀರಾ ಸಾರ್?" ಅಂದರೆ "ಕೌನ್ಸಿಲ್ ಕಡೆ", ಅಂದರೆ ನಗರಸಭೆ ಕಡೆ, ಅನ್ನುತ್ತಿದ್ದೆ. ಅವರು "ಓ, ವೆರಿ ಗುಡ್, ಸೇಫ್ ಜಾಬ್" ಅನ್ನುತ್ತಿದ್ದರು. ನನ್ನ ಹೆಂಡತಿ ಆಗ ಉಪ್ಪಿನಕಾಯಿ ಹಾಕಿಕೊಳ್ಳುವ ನೆಪದಲ್ಲಿ ಎದ್ದು ಹೋಗುತ್ತಿದ್ದಳು.

ಅವಳು ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದಳು. ಬೆಳಿಗ್ಗೆ ನಾನು ಕನ್ನಡಿ ಮುಂದೆ ಟೈ ಬಿಗಿಯುವಾಗ, "ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವು ಅಂತಾರಲ್ಲ, ಅದು ನಿಮ್ಮನ್ನ ನೋಡೇ ಹೇಳಿರ್ಬೇಕು ಕಣ್ರೀ" ಎಂದು ಚುಚ್ಚುವಳು. ನನಗೆ ಸಿಟ್ಟು ಬರುತ್ತಿತ್ತು. ಆದರೆ ಟೈ ಬಿಚ್ಚಿದರೆ ಆ ಗಾಜಿನ ಹಿಂದೆ ಕೂರಲು ನನ್ನಿಂದ ಆಗುತ್ತಿರಲಿಲ್ಲ. ಊರಿಗೆ ಹಿಂತಿರುಗೋಣವೆಂದರೆ ಏನೆಂದು ಹೇಳಿಕೊಂಡು ಹಿಂತಿರುಗುವುದು? ಇಲ್ಲೇ ಇರೋಣವೆಂದರೆ ಈ ಕೀಲಿಕೈ ಗೊಂಚಲು. ಅತ್ತ ದರಿ ಇತ್ತ ಪುಲಿ.

ಇನ್ನೊಂದು ವಿಷಯ ಈಗಲೇ ಹೇಳಿಬಿಡಬೇಕು. ನಮ್ಮಪ್ಪ ಮೈಸೂರಿನ ಒಂದು ಗರಡಿಯ ಉಸ್ತಾದರಾಗಿದ್ದರು. ಬೆಳಗಿನ ಜಾವ ಎಬ್ಬಿಸಿ ಬಸ್ಕಿ ಹೊಡೆಸುತ್ತಿದ್ದರು, ಮಟ್ಟಿಮಣ್ಣಿನಲ್ಲಿ ಉರುಳಾಡಿಸುತ್ತಿದ್ದರು. ನಾನು ಎಂಜಿನಿಯರಿಂಗ್ ಓದಿದ್ದು ದೇಶ ಕಟ್ಟಲು ಅಲ್ಲ, ಆ ಮಣ್ಣಿನಿಂದ ತಪ್ಪಿಸಿಕೊಳ್ಳಲು. ಅಪ್ಪ ತೀರಿಕೊಂಡು ಎಷ್ಟೋ ವರ್ಷದ ಮೇಲೆ, ಏಳು ಸಮುದ್ರದಾಚೆ, ನಾನು ಕುಸ್ತಿ ಹಾಲ್‌ನ ಬಾಗಿಲು ಕಾಯುವವನಾದೆ. ಇದಕ್ಕೆ ನಗಬೇಕೋ ಅಳಬೇಕೋ ಇವತ್ತಿಗೂ ಗೊತ್ತಾಗಿಲ್ಲ.

ರಷ್ಯದ ಉಸ್ತಾದ ಬಂದದ್ದು ತೊಂಬತ್ತರ ದಶಕದ ಶುರುವಿನಲ್ಲಿ. ಕುಸ್ತಿ ಕ್ಲಬ್ಬಿನವರು ಕರೆಸಿದ್ದರು. ಮೊದಲ ದಿನ ಅವನು ಬಾಗಿಲು ತುಂಬ ನಿಂತ. ಎತ್ತರ ಹೆಚ್ಚಿರಲಿಲ್ಲ, ಅಗಲವೇ ಎಲ್ಲ. ಕಿವಿಗಳೆರಡೂ ಮುದುರಿಕೊಂಡು ಹಳೇ ಸಂಡಿಗೆಯ ಹಾಗಿದ್ದವು. ಗಾಜಿನ ಕಿಟಕಿ ನೋಡಿದ, ನನ್ನ ಟೈ ನೋಡಿದ, ಸ್ಟ್ಯಾಂಪು ನೋಡಿದ. ತಲೆಯ ಮೇಲಿನ ಟೋಪಿ ತೆಗೆದು ಕೈಯಲ್ಲಿ ಹಿಡಿದು ನಿಂತ. ಕೂತುಕೊಳ್ಳಿ ಅನ್ನುವವರೆಗೂ ಕೂರಲಿಲ್ಲ. ಕೀಲಿ ತೆಗೆದುಕೊಳ್ಳುವ ಚೀಟಿಗೆ ಸಹಿ ಮಾಡಿ ನನ್ನ ಕಡೆ ತಳ್ಳಿ, ಬೆರಳಿನಿಂದ ಸ್ಟ್ಯಾಂಪು ತೋರಿಸಿದ.

ಆ ಚೀಟಿಗೆ ಸ್ಟ್ಯಾಂಪಿನ ಅಗತ್ಯವೇ ಇರಲಿಲ್ಲ. ಸ್ಟ್ಯಾಂಪು ಇದ್ದದ್ದು ಬಂದ ಟಪಾಲಿನ ಮೇಲೆ "ರಿಸೀವ್ಡ್" ಅಂತ ಒತ್ತಲು. ಸುತ್ತ ಹಾಲ್‌ನ ಹೆಸರು, ಮಧ್ಯೆ ಒಂದು ಪುಟ್ಟ ಲಾಂಛನ, ಕೆಳಗೆ ತಾರೀಖು. ಬೇಡ ಅಂದರೆ ಅವನಿಗೆ ಅರ್ಥವಾಗುವಷ್ಟು ಇಂಗ್ಲಿಷ್ ಇರಲಿಲ್ಲ. ಅವನು ಕಾಯುತ್ತಲೇ ಇದ್ದ. ಹಾಳಾಗಿ ಹೋಗಲಿ ಎಂದು ಟಪ್ ಅಂತ ಒತ್ತಿ ಕೊಟ್ಟೆ. ಅವನು ಮುದ್ರೆಯನ್ನು ಬೆಳಕಿಗೆ ಹಿಡಿದು ನೋಡಿ, ಮಡಚಿ ಎದೆಯ ಜೇಬಿಗೆ ಹಾಕಿಕೊಂಡು, "ಸ್ಪಸೀಬ, ನಚಾಲ್ನಿಕ್" ಎಂದ. ಸ್ಪಸೀಬ ಅಂದರೆ ಥ್ಯಾಂಕ್ಸ್, ನಚಾಲ್ನಿಕ್ ಅಂದರೆ ಅಧಿಕಾರಿ, ಮೇಲಿನವನು ಅಂತ ಆಮೇಲೆ ಗೊತ್ತಾಯಿತು. ಅವನ ದೇಶದಲ್ಲಿ ಗಾಜಿನ ಹಿಂದೆ ಟೈ ಕಟ್ಟಿ ಮುದ್ರೆ ಹಿಡಿದು ಕೂತವನು ಸರ್ಕಾರ. ಅವನು ತಪ್ಪು ತಿಳಿದುಕೊಂಡ. ನಾನು ತಿದ್ದಲಿಲ್ಲ. ಅಷ್ಟು ದಿನವಾದ ಮೇಲೆ ಒಬ್ಬ ಮನುಷ್ಯ ನನ್ನೆದುರು ಟೋಪಿ ತೆಗೆದಿದ್ದ. ಹೇಗೆ ತಿದ್ದಲಿ ಹೇಳಿ?

ಅಂದಿನಿಂದ ವಾರಕ್ಕೆ ಮೂರು ಚೀಟಿ, ಮೂರು ಮುದ್ರೆ.

ಅವನ ಕತೆ ನನಗೆ ಗೊತ್ತಾದದ್ದು ಫಾರಂ ತುಂಬುವಾಗ. ಪಿಆರ್ ಅರ್ಜಿಯಲ್ಲಿ ಹುಟ್ಟಿದಾಗಿನಿಂದ ಏನೇನು ಮಾಡಿದೆ ಎಂದು ಚೌಕ ಚೌಕವಾಗಿ ಬರೆಯಬೇಕಿತ್ತು. ಬ್ಯಾಡ್ಮಿಂಟನ್‌ನವರು ಬರುವ ಮುಂಚಿನ ಒಂದು ಗಂಟೆ ನಾವಿಬ್ಬರೂ ಕೂತು, ನಿಘಂಟು ಮಧ್ಯೆ ಇಟ್ಟುಕೊಂಡು ತುಂಬುತ್ತಿದ್ದೆವು. ವೋಲ್ಗಾ ದಡದ ಒಂದು ಊರು. ಬಾಯ್ಲರ್ ಮನೆಯ ನೆಲಮಾಳಿಗೆಯಲ್ಲಿ ಕುಸ್ತಿ ಶಾಲೆ, ಚಳಿಗಾಲದಲ್ಲಿ ಊರಿನಲ್ಲಿ ಬೆಚ್ಚಗಿದ್ದದ್ದು ಅದೊಂದೇ ಜಾಗವಾದ್ದರಿಂದ ಸೇರಿದನಂತೆ. ಹದಿನೇಳಕ್ಕೆ ಪ್ರಾಂತ್ಯದ ಚಾಂಪಿಯನ್. ಆಮೇಲಿನ ಚೌಕಗಳಲ್ಲೆಲ್ಲ ಅವನು ಹೇಳಿದ್ದು ಒಂದೇ ಪದ: ಸೆಕೆಂಡ್. ಆ ವರ್ಷ ಸೆಕೆಂಡ್, ಮುಂದಿನ ವರ್ಷ ಸೆಕೆಂಡ್, ಮತ್ತೆ ಸೆಕೆಂಡ್. ಅವನದೇ ತೂಕದಲ್ಲಿ ಇನ್ನೊಬ್ಬನಿದ್ದ. ಪ್ರತಿ ಸಲ ಫೈನಲ್‌ನಲ್ಲಿ ಅವನ ಕೈಲೇ ಸೋಲು. ಆ ದೇಶದಿಂದ ಒಂದು ತೂಕಕ್ಕೆ ಒಬ್ಬನೇ ಹೊರಗೆ ಹೋಗುವುದು. ಗೆದ್ದವನು ಲೋಕವೆಲ್ಲ ಸುತ್ತಿ ಪದಕ ತಂದ. ಇವನು ಕ್ಯಾಂಪಿನಲ್ಲೇ ಉಳಿದು ಆ ಗೆದ್ದವನಿಗೆ ಪ್ರಾಕ್ಟೀಸ್ ಕೊಡುವ ಜೋಡಿಯಾದ.

"ಎಷ್ಟು ವರ್ಷ?" ಎಂದು ಕೇಳಿದೆ.

"ಒಂಬತ್ತು" ಎಂದ. "ಒಂಬತ್ತು ವರ್ಷ ಅವನು ನನ್ನ ಮೇಲೆ ಬಿದ್ದು ಕಲಿತ. ಅವನಿಗೆ ವಿಮಾನ. ನನಗೆ ಬಸ್."

ಅದನ್ನು ಹೇಳಿ ನಕ್ಕ. ನನಗೆ ನಗು ಬರಲಿಲ್ಲ. "ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅಂತ ನಮ್ಮಲ್ಲಿ ಒಂದು ಮಾತಿದೆ" ಎಂದು ಇಂಗ್ಲಿಷಿನಲ್ಲಿ ಹರಸಾಹಸ ಮಾಡಿ ಹೇಳಿದೆ. ಅವನು ತನ್ನ ಬೋಳು ಮೇಲ್ದುಟಿ ಸವರಿಕೊಂಡು, "ನನಗೆ ಮೀಸೆಯೂ ಇಲ್ಲ" ಎಂದ. ಮಂಡಿ ಕೆಟ್ಟ ಮೇಲೆ ಕ್ರೀಡಾ ಕಾಲೇಜಿನಲ್ಲಿ ಓದಿ ತರಬೇತುದಾರನ ಸರ್ಟಿಫಿಕೇಟು ತೆಗೆದುಕೊಂಡು, ಅದೇ ಬಾಯ್ಲರ್ ಮನೆಗೆ ಕೋಚ್ ಆಗಿ ಹೋದ. ದೇಶ ಬಿರುಕು ಬಿಟ್ಟು ಸಂಬಳ ನಿಂತಾಗ ಸಿಡ್ನಿಯ ಕ್ಲಬ್ಬಿನ ಪತ್ರ ಬಂತು. ಹೆಂಡತಿ, ಎಂಟು ವರ್ಷದ ಮಗಳು, ತಾಯಿ ಮೂವರನ್ನೂ ಅಲ್ಲೇ ಬಿಟ್ಟು, ಒಂದು ವರ್ಷದಲ್ಲಿ ಕರೆಸಿಕೊಳ್ಳುತ್ತೇನೆ ಎಂದು ಹೊರಟು ಬಂದ.

ಒಂದು ವರ್ಷ ನಾಲ್ಕಾಯಿತು. ಅವನ ವೀಸಾ ಆ ಒಂದು ಕ್ಲಬ್ಬಿಗೇ ಕಟ್ಟಿಹಾಕಿದ್ದು. ಬೇರೆ ಕಡೆ ಕೆಲಸ ಮಾಡುವ ಹಾಗಿಲ್ಲ. ಕ್ಲಬ್ಬಿನ ಅಧ್ಯಕ್ಷ ಒಬ್ಬ ಟೈಲ್ಸ್ ವ್ಯಾಪಾರಿ. ಗೋಡೌನಿನ ಹಿಂದಿನ ಕೋಣೆಯನ್ನು ಇವನಿಗೆ ಕೊಟ್ಟಿದ್ದ. ಕೆಟ್ಟವನಲ್ಲ, ಆದರೆ ತಾನು ಕರೆಸಿದ ಮನುಷ್ಯ ತನ್ನ ಸಾಮಾನು ಎಂದು ತಿಳಿದವನು. ಕುಸ್ತಿ ಇಲ್ಲದ ದಿನ ಟೈಲ್ಸ್ ಪೆಟ್ಟಿಗೆ ಇಳಿಸು ಅನ್ನುತ್ತಿದ್ದ. ಇವನು ಇಳಿಸುತ್ತಿದ್ದ. ಪಿಆರ್ ಬಂದರೆ ಹೆಂಡತಿ ಮಗಳು ಬರುತ್ತಾರೆ. ಅಧ್ಯಕ್ಷ ಮುನಿದರೆ ಪಿಆರ್ ಬರುವುದಿಲ್ಲ. ಇಷ್ಟೇ ಅವನ ಲೋಕ, ಹೊರಗೆ ಹೋಗಲು ಒಂದೇ ಬಾಗಿಲು, ಅದರ ಕೀಲಿ ಇನ್ನೊಬ್ಬನ ಕೈಯಲ್ಲಿ.

ಅರ್ಜಿ ತಲುಪಿದೆ, ತೀರ್ಮಾನವಾಗುವವರೆಗೆ ಈ ದೇಶದಲ್ಲಿ ಇರಬಹುದು ಎಂದು ಇಲಾಖೆಯಿಂದ ಒಂದು ಪತ್ರ ಬಂತು. ಬ್ರಿಡ್ಜಿಂಗ್ ವೀಸಾ ಅಂತ ಅದಕ್ಕೆ ಹೆಸರು. ಅವನು ಓಡಿಬಂದು ಗಾಜಿನ ಕಿಂಡಿಯಲ್ಲಿ ತೂರಿಸಿದ. ಮೂರು ಪುಟ. ಫೋನು ಬಡಿದುಕೊಳ್ಳುತ್ತಿತ್ತು, ತಂಬೋಲದ ಅಜ್ಜಿಯೊಬ್ಬಳು ಟಾಯ್ಲೆಟ್ ಕೀಲಿ ಕೇಳುತ್ತಿದ್ದಳು. ಮೊದಲ ಪುಟ ಓದಿ, ಉಳಿದದ್ದರ ಮೇಲೆ ಕಣ್ಣಾಡಿಸಿ, "ಗುಡ್. ಎಲ್ಲ ಸರಿಯಿದೆ. ವೆಯ್ಟ್ ಮಾಡಬೇಕು ಅಷ್ಟೆ. ಮಿಕ್ಕಿದ್ದೆಲ್ಲ ರೂಲ್ಸು" ಎಂದೆ. ಪತ್ರದ ಒಂದು ಜೆರಾಕ್ಸ್ ನನ್ನ ಹತ್ತಿರವೇ ಇರಲಿ ಎಂದು ಅವನೇ ಕೊಟ್ಟ. ನಚಾಲ್ನಿಕ್ ಹತ್ತಿರ ಇದ್ದರೆ ಭದ್ರ ಅಂತ.

ಅವನು ಕಲಿಸುವುದನ್ನು ನಾನು ಗಾಜಿನಾಚೆಯಿಂದ ನೋಡುತ್ತಿದ್ದೆ. ಮೊದಮೊದಲು ಬೇಡ ಅನ್ನಿಸಿದರೂ ಕಣ್ಣು ಅಲ್ಲಿಗೇ ಹೋಗುತ್ತಿತ್ತು. ಚರ್ಮದ ಒಂದು ಬೊಂಬೆ ತಾನೇ ಹೊಲಿದು, ಹಳೇ ಬಟ್ಟೆ ತುಂಬಿ, ಆಳೆತ್ತರ ಮಾಡಿದ್ದ. ಹೊಸಬರು ಆರು ತಿಂಗಳು ಅದನ್ನೇ ಎತ್ತಿ ಒಗೆಯಬೇಕು. ಮಾತು ಬರುವುದಿಲ್ಲವಲ್ಲ, ಶಿಷ್ಯನ ಹಣೆಗೆ ತನ್ನ ಹಣೆ ಒತ್ತಿ, ಕತ್ತಿನ ಹಿಂದೆ ಕೈ ಹಾಕಿ, ಹಾಗೇ ಹಾಲ್ ಸುತ್ತ ನಡೆಸುತ್ತಿದ್ದ. ಅರ್ಧ ಗಂಟೆ ಹೀಗೆ ನಡೆದರೆ ಎದುರಿನವನ ತೂಕ ಯಾವ ಕಾಲಿನ ಮೇಲಿದೆ ಎಂದು ಕಣ್ಣು ಮುಚ್ಚಿದರೂ ತಿಳಿಯುತ್ತದೆ ಎನ್ನುವುದು ಅವನ ಪಾಠ. ನಮ್ಮಪ್ಪ ಇದನ್ನೇ ಬೈಗುಳದಲ್ಲಿ ಹೇಳುತ್ತಿದ್ದರು. ಒಂದು ದಿನ ತಡೆಯಲಾರದೆ ಒಳಗೆ ಹೋಗಿ, ಟೈಯನ್ನು ಹೆಗಲ ಮೇಲೆ ಎಸೆದುಕೊಂಡು, ಬೊಂಬೆಗೆ ಧೋಬಿ ಪಟ್ಟು ಹಾಕಿ ತೋರಿಸಿದೆ. ಅಗಸ ಬಟ್ಟೆ ಬಂಡೆಗೆ ಬಡಿಯುವ ಹಾಗೆ ಎದುರಾಳಿಯನ್ನು ಹೆಗಲ ಮೇಲಿಂದ ಕೆಡಹುವ ಪಟ್ಟು ಅದು. ಬೊಂಬೆಯ ಜೊತೆ ನಾನೂ ಬಿದ್ದೆ. ಅವನು ಎರಡು ಕೈ ಹಿಡಿದು ಎಬ್ಬಿಸಿ, "ನಚಾಲ್ನಿಕ್ ಕುಸ್ತಿ!" ಎಂದು ಇಡೀ ಹಾಲ್‌ಗೆ ಕೇಳುವಂತೆ ಕೂಗಿದ. ಆ ಸಂಜೆ ಮನೆಗೆ ಶಿಳ್ಳೆ ಹೊಡೆದುಕೊಂಡು ಹೋದೆ.

ಮೆಲ್ಬರ್ನ್‌ಗೆ ಹೋದದ್ದು ಮಾರನೆಯ ವರ್ಷ. ಅಲ್ಲೊಂದು ಪಂದ್ಯಾವಳಿ. ಅಧ್ಯಕ್ಷನಿಗೆ ಪುರುಸೊತ್ತಿಲ್ಲದ್ದರಿಂದ ಮ್ಯಾನೇಜರ್ ಅಂತ ನಾನು ಹೋದೆ. ಮದುವೆಯ ಬ್ಲೇಜರ್ ಹಾಕಿಕೊಂಡಿದ್ದೆ. ಅವನ ಶಿಷ್ಯರಿಬ್ಬರು, ಲೆಬನಾನಿನ ಒಬ್ಬ ಮೆಕ್ಯಾನಿಕ್, ಇರಾನಿನ ಒಬ್ಬ ರೊಟ್ಟಿ ಸುಡುವವನು, ಇಬ್ಬರೂ ಗೆದ್ದರು. ಅಂಕಣದ ಮೂಲೆಯಲ್ಲಿ ನಿಂತ ಉಸ್ತಾದ ಒಂದು ಸಲವೂ ಕೂಗಲಿಲ್ಲ. ಕೈಬೆರಳು ಎತ್ತಿದರೆ ಸಾಕು, ಅವರಿಗೆ ತಿಳಿಯುತ್ತಿತ್ತು. ಮೆಲ್ಬರ್ನಿನ ಕುಸ್ತಿಯವರ ಮುಖ್ಯಸ್ಥ, ಬಿಳಿಕೂದಲಿನ ಸಭ್ಯ ಮನುಷ್ಯ, ನಮ್ಮ ಹತ್ತಿರ ಬಂದು ಹೇಳಿದ: "ಇವರ ಪೇಪರ್ಸ್ ಆಗಲಿ. ಆದ ಮಾರನೇ ದಿನ ನಮ್ಮಲ್ಲಿಗೆ ಹೆಡ್ ಕೋಚ್ ಆಗಿ ಬರಲಿ. ಜಾಗ ಇಟ್ಟುಕೊಂಡಿರುತ್ತೇವೆ."

ನಾನು ಅದನ್ನು ಬಿಡಿಸಿ ಹೇಳಿದಾಗ ಉಸ್ತಾದನ ಕಣ್ಣು ತುಂಬಿದವು. ನನ್ನ ಭುಜ ಹಿಡಿದು ಆ ಮುಖ್ಯಸ್ಥನ ಮುಂದೆ ನಿಲ್ಲಿಸಿ, "ಇವರು ಗವರ್ನಮೆಂಟ್. ನನ್ನ ಪೇಪರ್ ಎಲ್ಲ ಇವರ ಕೈಯಲ್ಲಿ" ಎಂದ.

"ಓ, ಯಾವ ಡಿಪಾರ್ಟ್‌ಮೆಂಟು?" ಎಂದು ಆತ ನನ್ನನ್ನು ಕೇಳಿದ.

ಆಗಲಾದರೂ ಹೇಳಬಹುದಿತ್ತು. ಉಸ್ತಾದ ಪಕ್ಕದಲ್ಲೇ ನಿಂತು ಹೆಮ್ಮೆಯಿಂದ ನೋಡುತ್ತಿದ್ದ. "ಕಮ್ಯುನಿಟಿ ಫೆಸಿಲಿಟೀಸ್" ಎಂದೆ. ಅದೂ ಅಕ್ಷರ ಅಕ್ಷರವೂ ನಿಜವೇ! ಹಿಂದಿರುಗುವಾಗ ವ್ಯಾನಿನಲ್ಲಿ ಅವನು ದಾರಿಯುದ್ದಕ್ಕೂ ಮಗಳಿಗೆ ತೋರಿಸಬೇಕಾದ ಟ್ರಾಮುಗಳ ಬಗ್ಗೆ ಮಾತಾಡಿದ. ತನ್ನೂರಿನಲ್ಲೂ ಟ್ರಾಮ್ ಇದೆ, ಅವಳಿಗೆ ಅಷ್ಟು ಹೊಸದು ಅನ್ನಿಸುವುದಿಲ್ಲ ಎಂದ. ನಾನು ಕಿಟಕಿಯಾಚೆ ನೋಡುತ್ತಾ ಹೂಂಗುಟ್ಟಿದೆ.

ಮನೆಗೆ ಬಂದು ಇದನ್ನೆಲ್ಲ ಜಂಭದಿಂದಲೇ ಹೆಂಡತಿಗೆ ಹೇಳಿದೆ. ಅವಳು ತರಕಾರಿ ಹೆಚ್ಚುವುದನ್ನು ನಿಲ್ಲಿಸಿದಳು.

"ಅವ್ರಿಗೆ ನಿಜ ಹೇಳ್ಬಿಡ್ರೀ. ಪಾಪ, ಬಾವಿಗೆ ಬಿದ್ದೋರು, ನಿಮ್ಮನ್ನ ಹಗ್ಗ ಅಂದ್ಕೊಂಡಿದಾರೆ."

"ಹೇಳಿದ್ರೆ ಏನಾಗುತ್ತೆ? ಫಾರಂ ತುಂಬ್ಕೊಡೋನು ಯಾರಾದ್ರೇನು? ಇಂಗ್ಲಿಷ್ ಅದೇ ಅಲ್ವೇನೇ?"

"ಅವ್ರಿಗೋಸ್ಕರ ಅಲ್ಲ. ನಿಮಗೋಸ್ಕರ ಹೇಳಿ."

ನಾನು ಟೀವಿ ಹಾಕಿದೆ.

ಆ ಚಳಿಗಾಲದಲ್ಲಿ ಒಂದು ಮಧ್ಯಾಹ್ನ ಉಸ್ತಾದ ಕುಸ್ತಿಯಿಲ್ಲದ ದಿನವೇ ಬಂದ. ಒಳಗೆ ಬ್ಯಾಲೆ ಕ್ಲಾಸಿನ ಪಿಯಾನೋ, ಹೊರಗೆ ತಾಯಂದಿರ ಗಲಾಟೆ, ಮುಂದಿನ ತಿಂಗಳ ಬುಕಿಂಗಿನಲ್ಲಿ ಎರಡು ಮದುವೆ ಒಂದೇ ದಿನ ಬಿದ್ದು ನಾನು ತಲೆ ಕೆಡಿಸಿಕೊಂಡಿದ್ದೆ. ಅವನು ಟೋಪಿ ಕೈಯಲ್ಲಿ ಹಿಡಿದು ನಿಂತ. ಅವನ ತಾಯಿ ಸಾಯುವ ಸ್ಥಿತಿಯಲ್ಲಿದ್ದಾಳೆ ಎಂದು ಟೆಲಿಗ್ರಾಂ ಬಂದಿತ್ತು. ಒಂದು ಕಾಗದ ತೂರಿಸಿದ. ತಾನೇ ಇಂಗ್ಲಿಷಿನಲ್ಲಿ ಬರೆದದ್ದು: ನಾನು ತಾಯಿಯ ಹತ್ತಿರ ಹೋಗುತ್ತೇನೆ, ಮೂರು ವಾರ, ಮತ್ತೆ ಬರುತ್ತೇನೆ. ಕೆಳಗೆ ಸಹಿ.

"ನಾನು ಹೋಗುತ್ತೇನೆ. ಬರುತ್ತೇನೆ. ಆಗಬಹುದಾ?" ಎಂದ.

ನಾನು ತಿಳಿದುಕೊಂಡದ್ದು ಇಷ್ಟು: ಇದು ರಜೆಚೀಟಿ. ಮೂರು ವಾರ ಕುಸ್ತಿ ಬುಕಿಂಗ್ ಕ್ಯಾನ್ಸಲ್. ವೀಸಾದ ಮಾತು ಅವನು ಅಧ್ಯಕ್ಷನ ಹತ್ತಿರ ಮುಗಿಸಿಯೇ ಬಂದಿರುತ್ತಾನೆ. ಮನಸ್ಸು ಕರಗಿತು. ಹೆತ್ತ ತಾಯಿ, ಪಾಪ. ಟಪ್ ಅಂತ ಮುದ್ರೆ ಒತ್ತಿದೆ. ಕಾಗದ ವಾಪಸ್ ಕೊಡುತ್ತಾ, ನಮ್ಮ ಕಡೆ ಯಾರು ಹೊರಟರೂ ಬಾಯಿಂದ ತಾನಾಗಿ ಬರುವ ಮಾತೇ ಬಂತು. ಮನೆಯಿಂದ ಹೊರಟವರಿಗೆ ಬರೀ "ಹೋಗಿ" ಎಂದು ನಾವು ಯಾವತ್ತಾದರೂ ಅಂದಿದ್ದೇವೆಯೇ? ಅಪಶಕುನ. "ಹೋಗ್ಬನ್ನಿ" ಅನ್ನುತ್ತೇವೆ. ಇಂಗ್ಲಿಷಿನಲ್ಲಿ ಪಂಡಿತನೆಂದು ಬೀಗುತ್ತಿದ್ದ ನಾನು ಅದನ್ನೇ ಇಂಗ್ಲಿಷಿನಲ್ಲಿ ಹೇಳಿದೆ.

"ಗೋ ಅಂಡ್ ಕಮ್" ಎಂದೆ.

ಅವನು ಕಿಂಡಿಯೊಳಗೆ ಕೈ ತೂರಿಸಿ ನನ್ನ ಕೈಯನ್ನು ಎರಡೂ ಅಂಗೈಗಳ ಮಧ್ಯೆ ಹಿಡಿದುಕೊಂಡ. "ಗೋ, ಕಮ್" ಎಂದು ಅದೇ ಪದಗಳನ್ನು ತನಗೆ ತಾನೇ ಹೇಳಿಕೊಂಡ. ನಾಳೆ ಮಧ್ಯಾಹ್ನ ವಿಮಾನ ಎಂದ. ಕಾಗದವನ್ನು ಎದೆಯ ಜೇಬಿಗೆ ಹಾಕಿಕೊಂಡು ಹೊರಟ. ನನಗೆ ಮತ್ತೆ ಎರಡು ಮದುವೆಗಳ ಜಗಳ.

ಸಂಜೆ ಊಟಕ್ಕೆ ಕೂತಾಗ ಹೇಳಿದೆ. ಹೆಂಡತಿಯ ಕೈಯಲ್ಲಿದ್ದ ಸೌಟು ಹಾಗೇ ನಿಂತಿತು.

"ವಾಪಸ್ ಬರಕ್ಕೆ ಪರ್ಮಿಷನ್ ತಗೊಂಡಿದಾರಾ? ನಮ್ಮ ಲ್ಯಾಬಲ್ಲಿ ಒಬ್ಬಳು ಬ್ರಿಡ್ಜಿಂಗ್ ವೀಸಾದಲ್ಲಿದಾಳೆ. ದೇಶ ಬಿಟ್ರೆ ಅಲ್ಲಿಗೆ ಮುಗೀತಂತೆ."

ಎದ್ದು ಜೆರಾಕ್ಸ್ ಹುಡುಕಿ ತಂದೆ. ಎರಡನೆಯ ಪುಟ. ನಾನು "ಮಿಕ್ಕಿದ್ದೆಲ್ಲ ರೂಲ್ಸು" ಎಂದಿದ್ದ ಪುಟ. ತೀರ್ಮಾನಕ್ಕೆ ಮೊದಲು ಆಸ್ಟ್ರೇಲಿಯಾ ಬಿಟ್ಟರೆ ಈ ವೀಸಾ ಕೊನೆಗೊಳ್ಳುತ್ತದೆ, ಹೋಗಿ ಮರಳುವುದಿದ್ದರೆ ಹೊರಡುವ ಮೊದಲೇ ಬೇರೆ ವೀಸಾ ಕೇಳಿ ಪಡೆಯಬೇಕು. ಕಪ್ಪು ಅಕ್ಷರದಲ್ಲಿ, ಒಂದು ಸಾಲು. ಅವನು ನನ್ನನ್ನು ಕೇಳಿದ್ದು ಹಾಲ್‌ನ ಬುಕಿಂಗ್ ಬಗ್ಗೆ ಅಲ್ಲ ಎಂದು ಆಗ ಹೊಳೆಯಿತು. ಅಧ್ಯಕ್ಷ ಬಿಡುವುದಿಲ್ಲ ಎಂಬ ಭಯಕ್ಕೆ ಅವನಿಗೆ ಹೇಳದೆ, ನೇರವಾಗಿ ಸರ್ಕಾರವನ್ನೇ ಕೇಳಿದ್ದ. ಸರ್ಕಾರ ಮುದ್ರೆ ಒತ್ತಿ, ಹೋಗಿ ಬನ್ನಿ ಎಂದಿತ್ತು.

"ಈಗ್ಲೇ ಹೋಗ್ರೀ. ರೈಲಲ್ಲಿ ಅರ್ಧ ಗಂಟೆ. ಹೋಗಿ ನಿಲ್ಲಿಸಿ" ಎಂದಳು.

ಗೋಡೌನಿಗೆ ಫೋನ್ ಮಾಡಿದೆ. ಯಾರೂ ಎತ್ತಲಿಲ್ಲ. ಶೂ ಹಾಕಿಕೊಂಡು ಬಾಗಿಲವರೆಗೂ ಹೋದೆ. ಅಲ್ಲಿ ನಿಂತೆ. ಹೋಗಿ ಏನು ಹೇಳಬೇಕು? ನೀವು ಕೇಳಿದ್ದು ಸರ್ಕಾರವನ್ನಲ್ಲ, ಟಾಯ್ಲೆಟ್ ಕೀಲಿ ಕೊಡುವವನನ್ನು ಅಂತ. ಅಧ್ಯಕ್ಷನೂ ಅಲ್ಲಿದ್ದರೆ? ಅವನಿಗೆ ಮೊದಲೇ ಗೊತ್ತಲ್ಲ ನಾನು ಯಾರೆಂದು, ಗೊಳ್ಳೆಂದು ನಗುತ್ತಾನೆ. ಬೆಳಿಗ್ಗೆ ಬೇಗ ಹೋದರಾಯಿತು, ವಿಮಾನ ಮಧ್ಯಾಹ್ನವಲ್ಲವೇ ಎಂದು ಶೂ ಬಿಚ್ಚಿದೆ. ಹೆಂಡತಿ ತಟ್ಟೆಗಳನ್ನು ಎತ್ತಿಕೊಂಡು ಹೋದಳು. ಬೆಳಿಗ್ಗೆ ಹಾಲ್‌ನ ಬೀಗ ತೆಗೆದು, ತಂಬೋಲದವರನ್ನು ಕೂರಿಸಿ, ರೈಲು ಹಿಡಿದು ಗೋಡೌನಿಗೆ ಹೋಗುವಷ್ಟರಲ್ಲಿ ಅವನು ಏರ್‌ಪೋರ್ಟಿಗೆ ಹೋಗಿ ಒಂದು ಗಂಟೆಯಾಗಿತ್ತು. ಏರ್‌ಪೋರ್ಟಿಗೆ ಟ್ಯಾಕ್ಸಿ ಮಾಡಿದೆ. ಅಲ್ಲಿ ಅವನು ಒಳಗೆ ಹೋಗಿಬಿಟ್ಟಿದ್ದ. ಗಾಜಿನ ಈಚೆ ನಿಂತು ಒಳಗೆ ಹೋಗುವವರ ಬೆನ್ನುಗಳನ್ನು ನೋಡಿದೆ. ನನ್ನನ್ನು ನಾನೇ ಚಪ್ಪಲಿಯಲ್ಲಿ ಹೊಡೆದುಕೊಳ್ಳಬೇಕು ಅನ್ನಿಸಿತು.

ಒಂದು ತಿಂಗಳ ಮೇಲೆ ಹಾಲ್‌ಗೆ ಫೋನು ಬಂತು. ಅವನೂರಿನ ಪೋಸ್ಟಾಫೀಸಿನಿಂದ. ತಾಯಿಯನ್ನು ಮಣ್ಣು ಮಾಡಿ ಮಾಸ್ಕೋಗೆ ಹೋಗಿದ್ದನಂತೆ, ಎಂಬಸಿಯಲ್ಲಿ ನನ್ನ ಕಾಗದ ತೋರಿಸಿದನಂತೆ.

"ನಚಾಲ್ನಿಕ್, ಇವರಿಗೆ ನಿಮ್ಮ ಮುದ್ರೆ ಗೊತ್ತಿಲ್ಲ" ಎಂದ. ಸ್ವರದಲ್ಲಿ ಸಿಟ್ಟಿರಲಿಲ್ಲ. ಅಲ್ಲಿನ ಹುಡುಗಿ ಹೊಸಬಳು, ಅವಳಿಗೆ ತಿಳುವಳಿಕೆ ಸಾಲದು ಎಂಬ ಧಾಟಿ. "ನೀವು ಒಂದು ಮಾತು ಹೇಳಿ."

"ನೋಡೋಣ, ನಾನು ಬರೀತೀನಿ" ಎಂದೆ. ಅಷ್ಟೇ ಬಾಯಿಗೆ ಬಂದದ್ದು.

ಬರೆದೆ. ಬ್ಲ್ಯಾಕ್‌ಟೌನಿನ ಒಬ್ಬ ಫಾರ್ಮಸಿಯವನು ಪ್ರಮಾಣಪತ್ರಕ್ಕೆ ಸಾಕ್ಷಿ ಹಾಕುತ್ತಿದ್ದ, ಆ ದೇಶದಲ್ಲಿ ಅವರಿಗೂ ಆ ಅಧಿಕಾರವಿದೆ. ಅವನ ಕೌಂಟರಿನ ಮೇಲೆ, ಕೆಮ್ಮಿನ ಸಿರಪ್ಪುಗಳ ಮಧ್ಯೆ, ಸತ್ಯವಾಗಿ ಹೇಳುತ್ತೇನೆಂದು ಸಹಿ ಮಾಡಿದೆ: ನಾನು ಹಾಲ್‌ನ ಅಟೆಂಡೆಂಟ್. ನನ್ನ ಮಾತಿನಿಂದ ಈ ಮನುಷ್ಯ ದಾರಿ ತಪ್ಪಿದ. ತಪ್ಪು ನನ್ನದು. ಅಟೆಂಡೆಂಟ್ ಎಂಬ ಪದವನ್ನು ಆ ದೇಶದಲ್ಲಿ ನಾನು ಮೊದಲ ಸಲ ಬರೆದದ್ದು ಅಲ್ಲಿ. ಅಧ್ಯಕ್ಷನ ಕಾಲಿಗೆ ಬೀಳುವುದೊಂದು ಬಾಕಿ, ಅಷ್ಟು ಬೇಡಿಕೊಂಡೆ. "ಹೇಳದೆ ಕೇಳದೆ ಓಡಿಹೋದವನಿಗೆ ನಾನ್ಯಾಕೆ ಸ್ಪಾನ್ಸರ್ ಮಾಡಲಿ?" ಎಂದು ಅವನು ತನ್ನ ಸ್ಪಾನ್ಸರ್ ಪತ್ರ ಹಿಂದಕ್ಕೆ ಪಡೆದ. ಮೆಲ್ಬರ್ನಿನ ಬಿಳಿಕೂದಲಿನವನು ಆರು ತಿಂಗಳು ಜಾಗ ಖಾಲಿ ಇಟ್ಟು, ಆಮೇಲೆ ವಿಷಾದದಿಂದ ಒಂದು ಪತ್ರ ಬರೆದ. ಕೊನೆಗೆ ಇಲಾಖೆಯ ಉತ್ತರವೂ ಬಂತು. ಮರ್ಯಾದೆಯ ಇಂಗ್ಲಿಷಿನಲ್ಲಿ, ಅರ್ಜಿ ಇನ್ನು ಮುಂದುವರಿಯುವುದಿಲ್ಲ ಎಂದು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನಮ್ಮಜ್ಜಿ ದಿನಕ್ಕೆ ಹತ್ತು ಸಲ ಹೇಳುತ್ತಿದ್ದ ಗಾದೆ, ನನಗೆ ಅರ್ಥವಾದದ್ದು ಆ ವಾರ.

ಅವನು ಕೊನೆಯ ಸಲ ಫೋನ್ ಮಾಡಿದ್ದು ಅದಾದ ಮೇಲೆ. ಮತ್ತೆ ಬಾಯ್ಲರ್ ಮನೆಯ ನೆಲಮಾಳಿಗೆಯಲ್ಲಿ ಕಲಿಸುತ್ತಿದ್ದೇನೆ ಎಂದ. ಸಂಬಳ ಬರುವುದಿಲ್ಲ, ಬಾಯ್ಲರೂ ಈಗ ಉರಿಯುವುದಿಲ್ಲ ಎಂದ. ಹದಿಮೂರು ತುಂಬಿದ ಮಗಳು ಇಂಗ್ಲಿಷ್ ಕಲಿಯುತ್ತಿದ್ದಾಳೆ, ಟ್ರಾಮಿನ ಚಿತ್ರ ಗೋಡೆಗೆ ಅಂಟಿಸಿಕೊಂಡಿದ್ದಾಳೆ ಎಂದ. ಆಮೇಲೆ, "ನಚಾಲ್ನಿಕ್, ಇಲಾಖೆಯಲ್ಲಿ ನಿಮಗಿಂತ ಮೇಲಿನವರು ಯಾರು? ಅವರಿಗೆ ನಾನೇ ಬರೆಯುತ್ತೇನೆ" ಎಂದ.

ಒಳಗೆ ಬ್ಯಾಡ್ಮಿಂಟನ್ ನಡೆಯುತ್ತಿತ್ತು. ಯಾರೋ ಗಾಜು ತಟ್ಟಿ ಶಟಲ್ ಕಾಕ್ ಕೇಳಿದರು. ಕೈಸನ್ನೆಯಿಂದ ಅವರನ್ನು ಕಳುಹಿಸಿದೆ.

"ನಾನು ಇಲಾಖೆಯವನಲ್ಲ" ಎಂದೆ. "ಯಾವತ್ತೂ ಆಗಿರಲಿಲ್ಲ. ನನ್ನ ಕೆಲಸ ಕೀಲಿ ಕೊಡುವುದು, ಕುರ್ಚಿ ಜೋಡಿಸುವುದು, ನೆಲ ಒರೆಸುವುದು. ಆ ಮುದ್ರೆ ಟಪಾಲಿನದು. ನಿಮಗೆ ಹೇಳಬೇಕಿತ್ತು. ನಾಚಿಕೆಯಾಯಿತು, ಹೇಳಲಿಲ್ಲ."

ಲೈನಿನಲ್ಲಿ ಗೊರಗೊರ ಸದ್ದು. ಅವನಿಗೆ ಅರ್ಥವಾಗಲಿಲ್ಲವೇನೋ ಎಂದು ಇನ್ನೂ ಸಣ್ಣ ಸಣ್ಣ ಪದಗಳಲ್ಲಿ ಇನ್ನೊಮ್ಮೆ ಹೇಳಿದೆ. ಅರ್ಥವಾಗಿತ್ತು. ಅವನು ಬೈಯಲಿಲ್ಲ. ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ನಿಜವಾಗಿಯೂ ತಿಳಿಯದವನ ಹಾಗೆ ಕೇಳಿದ.

"ಹಾಗಾದರೆ ಆ ದಿನ ನಾನು ಕೇಳಿದ್ದು ಯಾರನ್ನು?"

ಅವನು ಫೋನ್ ಇಡಲಿಲ್ಲ, ಉತ್ತರಕ್ಕೆ ಕಾಯುತ್ತಿದ್ದ. ಆ ಕಡೆ ಪೋಸ್ಟಾಫೀಸಿನಲ್ಲಿ ಯಾರೋ ಹೆಂಗಸು ಸಮಯವಾಯಿತೆಂದು ಅವನನ್ನು ಗದರುವುದು ಕೇಳಿಸುತ್ತಿತ್ತು. ಕಾಯುತ್ತಲೇ ಇದ್ದ. ಕೊನೆಗೆ ಫೋನ್ ಇಟ್ಟವನು ನಾನು.